ಕಾಯಿ ನೀರಿನಲ್ಲಿ ಬೆಳೆಸಿದ ಬ್ಯಾಟರಿ ಸೆಪರೇಟರ್: ನನ್ನ ಅನುಭವ

ವಿನೆಗರ್ ಬ್ಯಾಕ್ಟೀರಿಯಾ ನೇಯುವ ಸೆಲ್ಯುಲೋಸ್ ಪೊರೆಯಿಂದ ಲಿಥಿಯಂ ಸೆಲ್‌ಗೆ ಸೆಪರೇಟರ್ (ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ, ಸಣ್ಣ ರಂಧ್ರಗಳ ಹಾಳೆ) ಮಾಡುತ್ತೇನೆ ಅಂದಾಗ ನಮ್ಮವರೇ ನಕ್ಕಿದ್ದರು. “ನೀರಲ್ಲಿ ಹುಟ್ಟಿದ್ದನ್ನ ತಗೊಂಡು ಹೋಗಿ ಲಿಥಿಯಂ ಪಕ್ಕ ಇಡ್ತೀಯಲ್ಲಪ್ಪಾ” ಅಂದರು ಒಬ್ಬರು. ಮಾತೇನೂ ಸುಳ್ಳಲ್ಲ, ಹಸಿ ಪೊರೆಯಲ್ಲಿ ನೂರಕ್ಕೆ 98 ಪಾಲು ನೀರೇ. ಈಗ ಅದೇ ಹಾಳೆ ಹಾಕಿದ 2032 ಅಳತೆಯ ಕಾಯಿನ್ ಸೆಲ್‌ಗಳು (ನಾಣ್ಯದಾಕಾರದ ಪುಟ್ಟ ಸೆಲ್) ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಧನಧ್ರುವದ ಜೊತೆ 0.2ಸಿಯಲ್ಲಿ (ಸುಮಾರು ಐದು ಗಂಟೆಯಲ್ಲಿ ಖಾಲಿಯಾಗುವ ವೇಗ) ಗ್ರಾಂಗೆ 145 ಎಂಎಎಚ್ (ಸೆಲ್ ಹಿಡಿದಿಡುವ ವಿದ್ಯುತ್ತಿನ ಅಳತೆ) ಹತ್ತಿರ ಕೊಡುತ್ತಿವೆ. ನಕ್ಕವರು ಹಾಳೆ ಕೇಳಿಕೊಂಡು ಬಂದಿದ್ದಾರೆ.

ಬ್ಯಾಕ್ಟೀರಿಯಾದ ತಳಿ ಕೊಮಗಟೈಬ್ಯಾಕ್ಟರ್ ಝೈಲಿನಸ್. ಮೊದಮೊದಲು ಎಲ್ಲರಂತೆ ಹೆಸ್ಟ್ರಿನ್-ಶ್ರಾಮ್ ಮೀಡಿಯಂ (ಗ್ಲೂಕೋಸ್, ಪೆಪ್ಟೋನ್ ಮುಂತಾದವು ಇರುವ, ಬ್ಯಾಕ್ಟೀರಿಯಾ ಬೆಳೆಸುವ ದ್ರವ). ಪೊರೆ ಚೆನ್ನಾಗಿ ಬಂತು, ಪೆಪ್ಟೋನ್ ಬಿಲ್ಲೂ ಚೆನ್ನಾಗಿಯೇ ಬಂತು. ತಿಪಟೂರು ಕಡೆ ಕಾಯಿ ಪೌಡರ್ ಫ್ಯಾಕ್ಟರಿಗಳಲ್ಲಿ ಬಲಿತ ಕಾಯಿಯ ನೀರು ಚರಂಡಿ ಪಾಲು. ಕ್ಯಾನ್ ಹಿಡಿದು ಹೋದರೆ ಬೇಡ ಅನ್ನುವವರಿಲ್ಲ. ಅದಕ್ಕೆ ಸಕ್ಕರೆ, ಚೂರು ಅಮೋನಿಯಂ ಸಲ್ಫೇಟ್ ಹಾಕಿ ಕುದಿಸಿ, ಆರಿಸಿ, ವಿನೆಗರ್‌ನಿಂದ ಪಿಎಚ್ 4.5ಕ್ಕಿಂತ ಕೆಳಗಿಳಿಸಿದರೆ ಸಾಕು. ಫಿಲಿಪ್ಪೀನ್ಸ್‌ನವರು ನಾಟಾ ಡಿ ಕೋಕೋ ಅಂತ ತಿನ್ನುವುದೂ ಹೀಗೆ ಬೆಳೆದ ಪೊರೆಯನ್ನೇ. ಲೀಟರಿಗೆ ಐವತ್ತು ಚಿಲ್ಲರೆ ಇದ್ದ ಖರ್ಚು ಐದಾರು ರೂಪಾಯಿಗೆ ಇಳಿಯಿತು. ಆದರೆ ಬೆಳಗ್ಗೆ ಒಡೆದ ಕಾಯಿಯ ನೀರೇ ಆಗಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದ ನೀರಿನಿಂದ ಬೆಳೆಸಿದ ಪೊರೆಯಲ್ಲೆಲ್ಲ ಗುಳ್ಳೆ, ಸೂಜಿತೂತು. ಸೆಲ್ ಕಟ್ಟಿದರೆ ನೇರ ಶಾರ್ಟ್. ಬೆಳೆಸುವ ಟ್ರೇ ಅಲುಗಿ, ಮೇಲೆ ತೇಲುವ ಪೊರೆ ಮುಳುಗಿದರೂ ಕೆಟ್ಟಿತು: ಮೇಲೆ ಇನ್ನೊಂದು ಪದರ ಕಟ್ಟುತ್ತದೆ, ಒಣಗಿಸುವಾಗ ಎರಡೂ ಬಿಟ್ಟುಕೊಳ್ಳುತ್ತವೆ.

ದುಡ್ಡು ನಿಜವಾಗಿ ಹೋದದ್ದು ಒಣಗಿಸುವುದಕ್ಕೆ. ಕಾಸ್ಟಿಕ್ ಸೋಡಾದಲ್ಲಿ 80 ಡಿಗ್ರಿಗೆ ತೊಳೆದು, ಲಿಟ್ಮಸ್ ಸುಮ್ಮನಾಗುವವರೆಗೆ ನೀರು ಬದಲಿಸಿ, ಸೀದಾ ಅವನ್‌ಗೆ ಇಟ್ಟರೆ ನಾರುಗಳು ಒಂದಕ್ಕೊಂದು ಅಂಟಿ ರಂಧ್ರವೆಲ್ಲ ಮುಚ್ಚಿಹೋಗುತ್ತವೆ. ಎಲೆಕ್ಟ್ರೊಲೈಟ್ (ಸೆಲ್ ಒಳಗೆ ತುಂಬುವ ದ್ರವ) ಹನಿ ಮೇಲೇ ಕೂರುತ್ತದೆ, ಕೆಳಗಿಳಿಯುವುದಿಲ್ಲ. ಒಂದು ಕಾಲೇಜಿನ ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ಬಾಡಿಗೆಗೆ ಹಿಡಿದೆ, ಬ್ಯಾಚಿಗೆ ಎರಡು ಸಾವಿರದ ಮೇಲೆ. ಬಂದದ್ದು ಹತ್ತಿಯಂತೆ ಉಬ್ಬಿದ ಹಾಳೆ, ಸೆಲ್‌ಗೆ ಬಾರದು. ಎಥನಾಲ್‌ನಲ್ಲಿ ನೀರು ಬಿಡಿಸೋಣವೆಂದರೆ ಅಬಕಾರಿ ಪರವಾನಗಿಯ ತಲೆನೋವು. ಕೊನೆಗೆ ಗೆದ್ದದ್ದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಹಂತಹಂತವಾಗಿ ಸಾಂದ್ರತೆ ಏರಿಸಿ ನೀರನ್ನು ಪೂರ್ತಿ ಹೊರಹಾಕಿ, ಆಮೇಲೆ ಬಿಸಿಯಲ್ಲಿ ಒತ್ತುವುದು. ಎಷ್ಟು ಒತ್ತಡ, ಹಾಳೆಯ ಎರಡು ಬದಿಗೆ ಏನು ಇಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ದಪ್ಪ 30 ಮೈಕ್ರಾನ್ ಆಸುಪಾಸು ನಿಲ್ಲುತ್ತದೆ. ಸೆಲ್ ಕಟ್ಟುವ ಗ್ಲೋವ್ ಬಾಕ್ಸ್‌ಗೆ (ತೇವ ಬಾರದ ಮುಚ್ಚಿದ ಪೆಟ್ಟಿಗೆ) ಹೋಗುವ ಮುನ್ನ 110 ಡಿಗ್ರಿಯಲ್ಲಿ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಒಣಗಲೇಬೇಕು. ಅದನ್ನು ಎರಡು ಗಂಟೆಗೆ ಮುಗಿಸಿದ ಬ್ಯಾಚಿನ ಸೆಲ್‌ಗಳೆಲ್ಲ ಉಬ್ಬಿದವು. ಎಲೆಕ್ಟ್ರೊಲೈಟ್‌ನಲ್ಲಿರುವ ಲಿಥಿಯಂ ಲವಣ ಎಲ್‌ಐಪಿಎಫ್6 ನೀರನ್ನು ಕ್ಷಮಿಸುವುದಿಲ್ಲ.

ಅಂಗಡಿಯ ಪಾಲಿಎಥಿಲೀನ್ ಹಾಳೆಯನ್ನೂ ನಮ್ಮದನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು 150 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದೆ. ಅದು ಮುದುಡಿ ಪಾರದರ್ಶಕವಾಯಿತು, ನಮ್ಮದರ ಅಂಚೂ ಸರಿಯಲಿಲ್ಲ. ಈ ಫೋಟೊ ನೋಡಿದ ಮೇಲೆಯೇ ಹಲವರ ಬಾಯಿ ಕಟ್ಟಿದ್ದು.

ನಡುವೆ ಬೆಲ್ಲದಲ್ಲೂ ಬೆಳೆಸಿ ನೋಡಿದೆ. ಬೆಳೆಯಿತು, ಬಣ್ಣ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಕತ್ತರಿಸಿ ಉಳಿದ ಚೂರುಗಳನ್ನು ನೈಟ್ರೋಜನ್‌ನಲ್ಲಿ 900 ಡಿಗ್ರಿಗೆ ಸುಟ್ಟು ಇಂಗಾಲ ಮಾಡಿ ಸೂಪರ್‌ಕೆಪಾಸಿಟರ್‌ಗೂ (ಬೇಗ ಚಾರ್ಜ್ ಆಗಿ ಬೇಗ ಖಾಲಿಯಾಗುವ ಸಾಧನ) ಹಾಕಿದೆ: ಗ್ರಾಂಗೆ ನೂರಿಪ್ಪತ್ತು ಫ್ಯಾರಡ್ ಇರಬಹುದು, ಆದರೆ ಸುಟ್ಟ ಮೇಲೆ ಉಳಿಯುವುದು ಹತ್ತರಲ್ಲೊಂದು ಪಾಲು. ಸಿಲಿಂಡರ್ ಬಾಡಿಗೆಯೂ ಹುಟ್ಟುವುದಿಲ್ಲ.

ಈಗ ಪೌಚ್ ಸೆಲ್ (ಚಪ್ಪಟೆ ಚೀಲದಂಥ ದೊಡ್ಡ ಸೆಲ್) ಅಳತೆಗೆ ಅಗಲದ ಟ್ರೇ ಮಾಡಿಸಿದ್ದೇನೆ. ಮಧ್ಯದಲ್ಲಿ ಪೊರೆ ತೆಳು, ಅಂಚಿನಲ್ಲಿ ದಪ್ಪ ಬರುತ್ತಿದೆ. ಟ್ರೇಯ ಮಟ್ಟ ಸರಿಮಾಡಿಯೂ ಹಾಗೇ ಇದೆ. ಹಸಿ ಕಲ್ಚರ್ ಬೇಕಾದವರಿಗೆ ಬಾಟಲಿ ತಂದರೆ ಪುಕ್ಕಟೆ ಕೊಡುತ್ತೇನೆ.