ಒಂದು ಸಾಲ ತೀರಿತು, ಆ ಕಂತಿನ ದುಡ್ಡು ಎಲ್ಲಿಗೆ ಹೋಗಬೇಕು?

ಸಾಲ ತೀರಿಸಲು ಹೊರಟ ಹಲವು ಕುಟುಂಬಗಳನ್ನು ಹತ್ತಿರದಿಂದ ನೋಡಿದ್ದೇನೆ. ಶುರು ಮಾಡುವಾಗ ಎಲ್ಲರಿಗೂ ಹುರುಪು ಇರುತ್ತದೆ. ವರ್ಷವಿಡೀ ಕೈ ಬಿಗಿ ಹಿಡಿದು ಒಂದು ಸಾಲ ಮುಗಿಸುತ್ತಾರೆ, ಹಾಯಾಗಿ ಉಸಿರು ಬಿಡುತ್ತಾರೆ. ಎಡವುವುದು ಅಲ್ಲೇ. ಆ ಕಂತಿನ ದುಡ್ಡು ಕೈಯಲ್ಲಿ ಉಳಿಯುತ್ತದೆ, ಎರಡು ತಿಂಗಳಲ್ಲಿ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಉಳಿದ ಸಾಲಗಳು ಇದ್ದ ಹಾಗೇ ಇರುತ್ತವೆ. ನಮ್ಮ ಮನೆಯಲ್ಲೂ ಒಮ್ಮೆ ಹೀಗೇ ಆಯಿತು. ಅದಕ್ಕೇ ಈ ಲೇಖನದಲ್ಲಿ ಆ ಒಂದು ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಪಟ್ಟಿ ಬರೆಯಿರಿ

ಒಂದು ಹಾಳೆ ಸಾಕು. ಸಾಲ ಯಾರದು, ಬಾಕಿ ಅಸಲು ಎಷ್ಟು, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು. ನೆಂಟರ ಕೈಸಾಲವನ್ನೂ ಬರೆಯಿರಿ. ಉಳಿದ ಕಂತುಗಳನ್ನು ಕೂಡಿ ಬಾಕಿ ಎಂದು ಬರೆಯಬೇಡಿ. ಇವತ್ತೇ ಸಾಲ ಮುಗಿಸಲು ಎಷ್ಟು ಕಟ್ಟಬೇಕು ಎಂದು ಕೇಳಿ, ಅದನ್ನೇ ಬರೆಯಿರಿ.

ಬಡ್ಡಿ ಬರೆಯುವಾಗ ಒಂದು ಎಚ್ಚರಿಕೆ. 'ಫ್ಲ್ಯಾಟ್ ರೇಟ್' ಎಂದು ಹೇಳಿ ಕೊಟ್ಟ ಸಾಲದಲ್ಲಿ, ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ. 3 ವರ್ಷಕ್ಕೆ ಶೇ 10ರ ಫ್ಲ್ಯಾಟ್ ರೇಟ್ ಎಂದರೆ, ಇಳಿಯುವ ಬಾಕಿಯ ಲೆಕ್ಕದಲ್ಲಿ ಸುಮಾರು ಶೇ 18. ಪಟ್ಟಿಯಲ್ಲಿ 18 ಎಂದೇ ಬರೆಯಿರಿ. ಇಂಥ ಸಾಲವನ್ನು ಹೊಸದಾಗಿ ಯಾರೂ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 2: ತಿಂಗಳಿಗೆ ಒಂದು ಮೊತ್ತ ಗಟ್ಟಿ ಮಾಡಿ

ಮನೆಯವರೆಲ್ಲ ಕೂತು, ಸಾಲಕ್ಕೆಂದು ತಿಂಗಳಿಗೆ ಎಷ್ಟು ಕೊಡಬಹುದು ಎಂದು ತೀರ್ಮಾನಿಸಿ. ಅದಕ್ಕೂ ಮೊದಲು ಒಂದು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಇಡಿ. ಇಲ್ಲದಿದ್ದರೆ ಯಾರಿಗಾದರೂ ಜ್ವರ ಬಂದರೂ ಮತ್ತೆ ಸಾಲವೇ ಗತಿ.

ಹಂತ 3: ಯಾವುದು ಮೊದಲು?

ಬಡ್ಡಿ ಜಾಸ್ತಿ ಇರುವುದೇ ಮೊದಲು. ಎರಡು ಮೂರು ತಿಂಗಳಲ್ಲಿ ಮುಗಿಯುವ ಚಿಲ್ಲರೆ ಸಾಲ ಇದ್ದರೆ ಅದನ್ನು ಮಾತ್ರ ಮೊದಲು ಮುಗಿಸಿ, ಮನಸ್ಸು ಹಗುರಾಗುತ್ತದೆ. ಎಲ್ಲ ಸಾಲಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚುವರಿ ಹಂಚುವುದು ಬೇಡ. ಉಳಿದವುಕ್ಕೆ ಮಾಮೂಲಿ ಕಂತು, ಒಂದಕ್ಕೆ ಮಾತ್ರ ಹೆಚ್ಚುವರಿ.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಸಾಮಾನ್ಯವಾಗಿ ಅದೇ ಮೊದಲ ಸರದಿ. 40,000 ಬಾಕಿ, ತಿಂಗಳಿಗೆ ಶೇ 3 ಬಡ್ಡಿ, ಕನಿಷ್ಠ ಕಟ್ಟಬೇಕಾದದ್ದು ಬಾಕಿಯ ಶೇ 5 ಎಂದುಕೊಳ್ಳಿ. ಮೊದಲ ತಿಂಗಳು 2,000 ಕಟ್ಟುತ್ತೀರಿ. ಅದರಲ್ಲಿ 1,200 ಬಡ್ಡಿಗೇ ಹೋಯಿತು. ಬಾಕಿ ಇಳಿದ ಹಾಗೆ ಆ ಕನಿಷ್ಠ ಮೊತ್ತವೂ ಇಳಿಯುತ್ತದೆ. ಅಷ್ಟನ್ನೇ ಕಟ್ಟುತ್ತಾ ಹೋದರೆ 31 ತಿಂಗಳ ನಂತರವೂ 21,000ಕ್ಕಿಂತ ಜಾಸ್ತಿ ಉಳಿದಿರುತ್ತದೆ. ಅದರ ಬದಲು ಪ್ರತಿ ತಿಂಗಳೂ 2,000 ಬಿಡದೆ ಕಟ್ಟಿದರೆ ಅದೇ 31 ತಿಂಗಳಲ್ಲಿ ಪೂರ್ತಿ ಮುಗಿಯುತ್ತದೆ. 4,000 ಕಟ್ಟಿದರೆ ವರ್ಷದ ಮೇಲೆ ಒಂದಿಷ್ಟು ಚಿಲ್ಲರೆ ಮಾತ್ರ ಉಳಿಯುತ್ತದೆ. ಇದೆಲ್ಲ ಆ ಕಾರ್ಡಿನಲ್ಲಿ ಹೊಸ ಖರೀದಿ ನಿಲ್ಲಿಸಿದರೆ ಮಾತ್ರ.

ಹಂತ 4: ಖಾಲಿಯಾದ ಕಂತನ್ನು ದಾಟಿಸಿ

ಇಲ್ಲಿ ನಿಧಾನವಾಗಿ ಓದಿ. ಕಾರ್ಡಿಗೆ ಕಟ್ಟುತ್ತಿದ್ದ 4,000 ಈಗ ಬಿಡುವಾಯಿತು. ಎರಡನೇ ಸಾಲದ ಬಾಕಿ 1,00,000, ವರ್ಷಕ್ಕೆ ಶೇ 14 ಬಡ್ಡಿ, ಕಂತು 5,000 ಎಂದಿಟ್ಟುಕೊಳ್ಳಿ. ಸುಮ್ನೆ ಅಷ್ಟೇ ಕಟ್ಟುತ್ತಾ ಹೋದರೆ 23 ತಿಂಗಳು. ಆ 4,000 ಸೇರಿಸಿ 9,000 ಕಟ್ಟಿದರೆ 12 ತಿಂಗಳು. ಮನೆಯ ಖರ್ಚಿಗೆ ಹೊಸದಾಗಿ ಏನೂ ಕತ್ತರಿ ಹಾಕಿಲ್ಲ, ನೋಡಿ. ಆ ದುಡ್ಡಿಲ್ಲದೆ ಬದುಕುವುದು ಆಗಲೇ ರೂಢಿಯಾಗಿದೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ. ಮೊದಲ ಸಾಲದ ಕೊನೆಯ ಕಂತಿಗೆ ಒಂದು ತಿಂಗಳು ಇರುವಾಗಲೇ ಎರಡನೇ ಸಾಲ ಕೊಟ್ಟವರ ಬಳಿ ಹೋಗಿ ಕೇಳಿ: ಹೆಚ್ಚುವರಿ ಹೇಗೆ ಕಟ್ಟಬೇಕು, ಕನಿಷ್ಠ ಎಷ್ಟಿರಬೇಕು, ಅದಕ್ಕೆ ಶುಲ್ಕ ಇದೆಯಾ? ಶುಲ್ಕ ಇದ್ದರೆ ಅದನ್ನು ಉಳಿಯುವ ಬಡ್ಡಿಯ ಜೊತೆ ಹೋಲಿಸಿ. ಸಣ್ಣ ಮೊತ್ತ ತೆಗೆದುಕೊಳ್ಳುವುದಿಲ್ಲ ಎಂದರೆ ಬೇರೆ ಖಾತೆಯಲ್ಲಿ ಕೂಡಿಟ್ಟು ಮೂರು ತಿಂಗಳಿಗೊಮ್ಮೆ ಕಟ್ಟಿ. ದಿನಬಳಕೆಯ ಖಾತೆಯಲ್ಲಿ ಬಿಟ್ಟರೆ ಅದು ಉಳಿಯುವುದಿಲ್ಲ.

ಕಟ್ಟುವಾಗ ಎರಡು ವಿಷಯ ಬರವಣಿಗೆಯಲ್ಲಿ ಕೊಡಿ. ಒಂದು, ಈ ದುಡ್ಡು ಅಸಲಿಗೆ ಜಮೆಯಾಗಬೇಕು. ಎಷ್ಟೋ ಸಲ ಇದನ್ನು ಮುಂದಿನ ತಿಂಗಳ ಕಂತು ಎಂದು ಹಿಡಿದಿಡುತ್ತಾರೆ, ಆಗ ನಿಮಗೆ ಬಡ್ಡಿ ಉಳಿಯುವುದಿಲ್ಲ. ಇನ್ನೊಂದು, ಕಂತು ಅಷ್ಟೇ ಇರಲಿ, ಅವಧಿ ಕಡಿಮೆಯಾಗಲಿ. ಕಂತು ಕಡಿಮೆ ಮಾಡಿಕೊಡುತ್ತೇವೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಹಾಗೆ ಉಳಿದ ದುಡ್ಡು ಮತ್ತೆ ಮನೆಖರ್ಚಿನಲ್ಲಿ ಕರಗುತ್ತದೆ, ಅಲ್ವಾ? ಮುಂದಿನ ತಿಂಗಳ ಸ್ಟೇಟ್‌ಮೆಂಟ್ ತೆಗೆದು ಅಸಲು ಇಳಿದಿದೆಯಾ ಎಂದು ನೀವೇ ನೋಡಿ.

ಖುಷಿಗೆ ಏನಾದರೂ ಮಾಡಬೇಕು ಅನಿಸಿದರೆ ಮಾಡಿ, ಖಂಡಿತ ಮಾಡಿ. ಒಂದು ತಿಂಗಳ ಕಂತನ್ನು ಮನೆಯವರ ಸಂತೋಷಕ್ಕೆ ಎತ್ತಿಡಿ. ಮಕ್ಕಳೂ ಆಸೆಗಳನ್ನು ಮುಂದೂಡಿ ಕೈ ಜೋಡಿಸಿರುತ್ತಾರೆ. ಎರಡನೇ ತಿಂಗಳಿಂದ ಆ ದುಡ್ಡು ಸಾಲದ್ದು.

'ಎಲ್ಲ ಸಾಲ ಸೇರಿಸಿ ಒಂದೇ ಸಾಲ ಮಾಡಿಕೊಡುತ್ತೇವೆ' ಎನ್ನುವವರು ಬರುವುದೂ ಈ ಹೊತ್ತಿಗೇ. ದರದ ಜೊತೆ ಅವಧಿಯನ್ನೂ ಕೇಳಿ. 1,00,000ಕ್ಕೆ ಶೇ 12ರಂತೆ 3 ವರ್ಷಕ್ಕೆ ಬಡ್ಡಿ ಸುಮಾರು 19,600. ಶೇ 10ಕ್ಕೆ ಇಳಿಸಿ 6 ವರ್ಷಕ್ಕೆ ಎಳೆದರೆ ಸುಮಾರು 33,400. ದರ ಇಳಿಯಬೇಕು, ಅವಧಿ ಬೆಳೆಯಬಾರದು, ಹಳೆಯ ಕಾರ್ಡ್ ಮುಚ್ಚಬೇಕು. ಮೂರೂ ಆದರೆ ಮಾತ್ರ ಒಪ್ಪಿ.

ಹಂತ 5: ಗೋಡೆಯ ಮೇಲೆ ಲೆಕ್ಕ

ತಿಂಗಳಿಗೊಮ್ಮೆ, ಗೊತ್ತಾದ ಒಂದು ದಿನ, ಒಟ್ಟು ಬಾಕಿ ಅಸಲನ್ನು ದೊಡ್ಡದಾಗಿ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಮೊಬೈಲ್ ಆ್ಯಪ್ ನನಗೆ ಹಿಡಿಸುವುದಿಲ್ಲ. ಅದನ್ನು ಒಬ್ಬರು ನೋಡುತ್ತಾರೆ, ಗೋಡೆಯನ್ನು ಮನೆಮಂದಿಯೆಲ್ಲ ನೋಡುತ್ತಾರೆ.

ಹಂತ 6: ಕಾಗದ ತೆಗೆದುಕೊಳ್ಳಿ

ಪ್ರತಿ ಸಾಲ ಮುಗಿದಾಗಲೂ ಬೇಬಾಕಿ ಪತ್ರ, ಅಂದರೆ ಇನ್ನೇನೂ ಬಾಕಿ ಇಲ್ಲ ಎಂಬ ಪತ್ರ, ಕೇಳಿ ಪಡೆಯಿರಿ. ಅಡವಿಟ್ಟ ದಾಖಲೆಗಳನ್ನು ಎಣಿಸಿ ವಾಪಸ್ ತನ್ನಿ. ಖಾತೆಯಿಂದ ತಾನಾಗಿ ಕಡಿತವಾಗುವ ಆದೇಶ ರದ್ದಾಗಿದೆಯಾ ನೋಡಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ (ನಿಮ್ಮ ಸಾಲಗಳ, ಅವನ್ನು ಕಟ್ಟಿದ ರೀತಿಯ ದಾಖಲೆ) ತೆಗೆಸಿ, ಆ ಸಾಲದ ಮುಂದೆ 'ಕ್ಲೋಸ್ಡ್', ಅಂದರೆ ಮುಕ್ತಾಯ, ಎಂದು ಬಂದಿದೆಯಾ ಪರೀಕ್ಷಿಸಿ. 'ಸೆಟಲ್ಡ್' ಎಂದು ಇದ್ದರೆ ಕಡಿಮೆ ಮೊತ್ತಕ್ಕೆ ರಾಜಿಯಾದಿರಿ ಎಂದು ಅರ್ಥ. ನೀವು ಪೂರ್ತಿ ಕಟ್ಟಿದ್ದರೆ ಬೇಬಾಕಿ ಪತ್ರ ತೋರಿಸಿ ಕೂಡಲೇ ಸರಿಪಡಿಸಿಕೊಳ್ಳಿ.