ಹೊಸ ಪ್ರಬಂಧದ ಸುದ್ದಿಯನ್ನು ನಾನು ಹೇಳುವ ರೀತಿ

ಪ್ರಬಂಧ ಪ್ರಕಟವಾದ ಮೇಲೆ ನಾವೇ ಅದನ್ನು ಸಾರಿಕೊಂಡು ಬರಬೇಕಾ ಅನ್ನುವ ಸಂಕೋಚ ಸಂಶೋಧಕರಲ್ಲಿ ಜಾಸ್ತಿ. ನಾನಂತೂ ಹೇಳುತ್ತೇನೆ. ಹೇಳದಿದ್ದರೆ ಓದಬೇಕಾದವರ ಕಣ್ಣಿಗೇ ಅದು ಬೀಳುವುದಿಲ್ಲ. ಆದರೆ ಇದು ತಮಗೆ ಬೇಕೋ ಬೇಡವೋ ಅನ್ನುವುದು ಮೇಲ್ ತೆರೆದವರಿಗೆ ಮೊದಲ ಎರಡು ಸಾಲಿನಲ್ಲೇ ಗೊತ್ತಾಗಬೇಕು.

ಹಾಗಾಗಿ ವಿಷಯದ ಸಾಲಿನಲ್ಲಿ ಬರೀ 'ಹೊಸ ಪ್ರಕಟಣೆ' ಅಂತ ಹಾಕುವುದಿಲ್ಲ. 'ಹೊಸ ಪ್ರಬಂಧ: ಮಕ್ಕಳ ಓದಿನ ವೇಗ ಅಳೆಯುವ ಬಗೆ' ಅಂತ ಬರೆಯುತ್ತೇನೆ. ಒಳಗೆ ನಾಲ್ಕು ವಾಕ್ಯ ಸಾಕು. ಪ್ರಶ್ನೆ ಏನಿತ್ತು, ಯಾವ ಮಾಹಿತಿ ನೋಡಿದೆವು, ಏನು ಸಿಕ್ಕಿತು, ಎಲ್ಲಿ ಓದಬಹುದು. 'ಅತ್ಯಂತ ಹರ್ಷದಿಂದ ತಿಳಿಸಬಯಸುತ್ತೇನೆ' ಇತ್ಯಾದಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ದೊಡ್ಡ ಪಿಡಿಎಫ್ ಲಗತ್ತಿಸುವ ಬದಲು ಡಿಒಐ, ಅಂದರೆ ಪ್ರಬಂಧಕ್ಕೆ ಸಿಗುವ ಕಾಯಂ ಗುರುತುಸಂಖ್ಯೆಯ ಕೊಂಡಿ ಕೊಡುತ್ತೇನೆ. ಪ್ರಕಾಶಕರು ವೆಬ್ ವಿಳಾಸ ಬದಲಿಸಿದರೂ ಅದೇ ಕೊಂಡಿ ಹೊಸ ಜಾಗಕ್ಕೆ ಕರೆದೊಯ್ಯುತ್ತದೆ. ಓದಲು ದುಡ್ಡು ಕೊಡಬೇಕಿದ್ದರೆ ಅದನ್ನೂ ಹೇಳಿ, ಪ್ರಿಪ್ರಿಂಟ್ (ಪತ್ರಿಕೆಯ ಪರಿಶೀಲನೆಗೆ ಮುಂಚಿನ ಕರಡು) ಇದ್ದರೆ ಅದರ ಕೊಂಡಿ ಸೇರಿಸುತ್ತೇನೆ. ಅಂಗೀಕಾರವಾದ ಹಸ್ತಪ್ರತಿಯನ್ನು ಹಂಚುವ ಮುನ್ನ ಮಾತ್ರ ಪತ್ರಿಕೆಯ ನಿಯಮ ನೋಡಲೇಬೇಕು. ಕೆಲವು ಪತ್ರಿಕೆಗಳು ಅದಕ್ಕೆ ಇಂತಿಷ್ಟು ತಿಂಗಳು ಕಾಯಬೇಕು ಅನ್ನುತ್ತವೆ.

ನನಗೆ ನಿಜಕ್ಕೂ ಕಿರಿಕಿರಿ ಮಾಡುವುದು ಮುಸುಕು ಹಾಕಿದ ಪ್ರಚಾರ. ತಾವೇ ಸಂಪಾದಿಸಿದ ಪುಸ್ತಕವನ್ನು ಎಲ್ಲೋ ಆಕಸ್ಮಿಕವಾಗಿ ಕಂಡವರ ಹಾಗೆ ಹೊಗಳಿ ಕಳಿಸುವವರಿದ್ದಾರೆ. ಮುಖಪುಟ ನೋಡಿದರೆ ಗುಟ್ಟು ರಟ್ಟು, ಅಲ್ವಾ? ಪುಸ್ತಕ ನನ್ನದಾಗಿದ್ದರೆ, ನನ್ನ ವಿದ್ಯಾರ್ಥಿಯದಾಗಿದ್ದರೆ, ಮುನ್ನುಡಿ ನಾನು ಬರೆದಿದ್ದರೆ, ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಹಾಗೆ ಹೇಳಿಕೊಂಡ ಮೇಲೆ ಸ್ವಲ್ಪ ಹೊಗಳಿದರೂ ಜನ ಸಹಿಸಿಕೊಳ್ಳುತ್ತಾರೆ. ಸಹಲೇಖಕರಿದ್ದರೆ ಅವರನ್ನು ಕೇಳಿಯೇ ಕಳಿಸುತ್ತೇನೆ, ಎಲ್ಲರ ಹೆಸರನ್ನೂ ಹಾಕುತ್ತೇನೆ.

ವಿಚಾರ ಸಂಕಿರಣದ ಕರೆಯಾದರೆ ದಿನಾಂಕ, ಜಾಗ, ಕೊನೆಯ ದಿನ, ನೋಂದಣಿ ಶುಲ್ಕ ಎಲ್ಲ ಮೇಲೆಯೇ ಇರಬೇಕು. ಶುಲ್ಕವನ್ನು ಕೊನೆಯ ಪುಟದಲ್ಲಿ ಅಡಗಿಸಿಟ್ಟ ಕರೆ ಕಂಡರೆ ನನಗಂತೂ ಅನುಮಾನವೇ. ಕೊನೆಯ ದಿನದ ಜೊತೆ ಯಾವ ದೇಶದ ಗಡಿಯಾರ ಅನ್ನುವುದನ್ನೂ ಬರೆಯಬೇಕು. ಕೆಲವರು ಯುಟಿಸಿ ಅನ್ನುವ ಜಾಗತಿಕ ಪ್ರಮಾಣಿತ ಸಮಯಕ್ಕಿಂತ 12 ಗಂಟೆ ಹಿಂದಿನ ಸಮಯ ಹಿಡಿಯುತ್ತಾರೆ. ಅಂದರೆ ಭೂಮಿಯ ಯಾವುದೋ ಮೂಲೆಯಲ್ಲಿ ಆ ತಾರೀಕು ಉಳಿದಿರುವವರೆಗೂ ಅವಕಾಶ ಇರುತ್ತದೆ. ನೆನಪಿನೋಲೆ ಒಂದೇ ಸಾಕು.

ಹಲವರಿಗೆ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗದಲ್ಲಿ ಹಾಕುತ್ತೇನೆ. ಇಲ್ಲದಿದ್ದರೆ ಒಬ್ಬರ 'ಅಭಿನಂದನೆಗಳು' ಎಲ್ಲರ ಇನ್‌ಬಾಕ್ಸ್‌ಗೂ ಹೋಗುತ್ತದೆ. ಪ್ರಬಂಧದಲ್ಲಿ ಯಾರ ಕೆಲಸವನ್ನು ಹೆಚ್ಚು ಬಳಸಿಕೊಂಡಿದ್ದೇನೋ ಅವರಿಗೆ ಮಾತ್ರ ಬೇರೆಯಾಗಿ, ಎಲ್ಲಿ ಬಳಸಿಕೊಂಡೆ ಅಂತ ತಿಳಿಸಿ ಬರೆಯುತ್ತೇನೆ. ಉತ್ತರ ಬರುವುದು ಹೆಚ್ಚಾಗಿ ಇವರಿಂದಲೇ.

ಇನ್ನು ಯಾರಾದರೂ ಪ್ರಶ್ನೆ ಕೇಳಿದಾಗ 'ನನ್ನ ಪ್ರಬಂಧ ನೋಡಿ' ಅಂತಷ್ಟೇ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಮೊದಲು ಉತ್ತರವನ್ನೇ ಬರೆಯುತ್ತೇನೆ. ಬೇರೆಯವರು ಚೆನ್ನಾಗಿ ಬರೆದಿದ್ದರೆ ಅದರ ಹೆಸರು ಕೊಡುತ್ತೇನೆ. ನನ್ನದು ಆಮೇಲೆ, ಅದೂ ಪ್ರಶ್ನೆಗೆ ಸಂಬಂಧವಿದ್ದರೆ.