ಅಡಿಕೆ ಒಣಗಿಸುವ ಗುಮ್ಮಟ: ಕೋನವನ್ನು ಪೈಪಿನ ತುದಿಗೇ ಕೊಟ್ಟೆ

ಎರಡು ಮಳೆಗಾಲ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬರೆಯಬಹುದಿತ್ತು. ಆದರೆ ಶಿರಸಿ ಸುತ್ತಮುತ್ತ ಯಾರಿಗೆ ತೋರಿಸಿದರೂ ಒಂದೇ ಮಾತು: "ಭಾವಾ, ಇದು ಒಂದ್ ಮಳೆಗಾಲನೂ ತಡೀತಿಲ್ಲೆ." ಈಗ ತಡೆದಿದೆ. ಮೊದಲನೆಯ ಮಳೆಗಾಲ ನಮ್ಮ ಅಂಗಳದಲ್ಲಿ, ಎರಡನೆಯದು ಘಟ್ಟದ ಕೆಳಗೆ ಕುಮಟಾದಲ್ಲಿ. ಅದೇ ಪೈಪು, ಅದೇ ಬೋಲ್ಟು.

ನನ್ನದು ಟು-ವಿ ಜಿಯೋಡೆಸಿಕ್ ಗುಮ್ಮಟ, ಅಂದರೆ ತ್ರಿಕೋನಗಳನ್ನು ಜೋಡಿಸಿ ಮಾಡಿದ್ದು, ಸರಿಯಾಗಿ ಅರ್ಧಗೋಳ. ಮೂಲ ತ್ರಿಕೋನದ ಒಂದೊಂದು ಬದಿಯನ್ನು ಎರಡು ಪಾಲು ಮಾಡಿದರೆ ಟು-ವಿ, ಮೂರು ಮಾಡಿದರೆ ತ್ರೀ-ವಿ. 65 ಪೈಪು, ಅವು ಸೇರುವ 26 ಗಂಟು, ಎರಡೇ ಅಳತೆ. ತ್ರೀ-ವಿ ಇನ್ನೂ ದುಂಡಗೆ ಬರುತ್ತದೆ ನಿಜ. ಆದರೆ ಅಳತೆ ಮೂರಾಗುತ್ತದೆ, ಬುಡವೂ ಸಮತಟ್ಟಾಗಿ ಕೂರುವುದಿಲ್ಲ. ಅಡಿಕೆಗೆ ಅಷ್ಟು ಚಂದ ಬೇಕಿಲ್ಲ. ತ್ರಿಜ್ಯವನ್ನು 0.5465ರಿಂದ ಗುಣಿಸಿದರೆ ಗಿಡ್ಡ ಪೈಪು, 0.618ರಿಂದ ಗುಣಿಸಿದರೆ ಉದ್ದದ್ದು. ಗಿಡ್ಡದ್ದು 30 ಬೇಕು, ಉದ್ದದ್ದು 35. ಇದನ್ನೆಲ್ಲ ಮಾಡಿ ನೋಡಿದವರಿಗೆ ಗೊತ್ತೇ ಇರುತ್ತದೆ.

ಆದರೆ ಲೆಕ್ಕವನ್ನು ನಾನು ತ್ರಿಜ್ಯದಿಂದ ಶುರು ಮಾಡಲಿಲ್ಲ, ಅಂಗಡಿಯ ಪೈಪಿನಿಂದ ಶುರು ಮಾಡಿದೆ. ಪೈಪು ಬರುವುದು ಆರು ಮೀಟರ್. ಅದರಲ್ಲಿ ಮೂರು ಉದ್ದ ತುಂಡು ಏನೂ ಉಳಿಯದಂತೆ ಬರಬೇಕು. ಅಂದರೆ ತುಂಡು ಎರಡು ಮೀಟರ್. ಎರಡೂ ತುದಿಯಲ್ಲಿ ಒಂದೊಂದಿಂಚು ಬಿಟ್ಟರೆ ತೂತಿನಿಂದ ತೂತಿಗೆ 1.95. ಅಲ್ಲಿಂದ ಹಿಂದಕ್ಕೆ ಹೋದರೆ ತ್ರಿಜ್ಯ ಮೂರು ಮೀಟರಿನ ಮೇಲೆ ಅರ್ಧ ಅಡಿ. ಗಿಡ್ಡ ಪೈಪು ತೂತಿನಿಂದ ತೂತಿಗೆ 1.72. ಎಲ್ಲಾ ಸೇರಿ 22 ಪೈಪಿನಲ್ಲಿ ಕೆಲಸ ಮುಗಿಯುತ್ತದೆ. ಒಳಗೆ ಮುನ್ನೂರು ಚದರ ಅಡಿಗೆ ಸ್ವಲ್ಪ ಜಾಸ್ತಿ ನೆಲ ಸಿಗುತ್ತದೆ. ಇಪ್ಪತ್ತು ಅಡಿ, ಇಪ್ಪತ್ತೈದು ಅಡಿ ಎಂದು ಮೊದಲೇ ನಿಗದಿ ಮಾಡಿ ಕೂತವರು ಪೈಪಿನ ಚೂರುಗಳನ್ನು ಗುಜರಿಗೆ ಹಾಕುವುದನ್ನು ನೋಡಿದ್ದೇನೆ.

ಇನ್ನು ಗಂಟಿನ ವಿಷಯ. ದುಡ್ಡು ಹೋಗಿದ್ದೆಲ್ಲ ಇಲ್ಲೇ.

ಬಿದಿರಿನಲ್ಲಿ ಮಾಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿದಿರಿನ ತುದಿಗಳನ್ನು ಟೈರ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದೆ. ಬಿದಿರು ಒಣಗಿ ಸಣ್ಣಗಾಯಿತು, ಕಟ್ಟು ಸಡಿಲಾಯಿತು. ಒಂದು ಗಂಟು ಒಳಗೆ ತಗ್ಗಿತು, ಮರುದಿನ ಪಕ್ಕದ್ದು. ಅಡಿಕೆ ದಬ್ಬೆಯಲ್ಲೂ ಇದೇ ಕತೆ, ಜೊತೆಗೆ ಗೆದ್ದಲು.

ಆಮೇಲೆ ಕಬ್ಬಿಣ. ದುಂಡನೆಯ ಪ್ಲೇಟಿನ ಸುತ್ತ ಗಿಡ್ಡ ಪೈಪುಗಳನ್ನು ಕೋನಕ್ಕೆ ಸರಿಯಾಗಿ ವೆಲ್ಡ್ ಮಾಡಿಸುವುದು, ಅದರೊಳಗೆ ಉದ್ದದ ಪೈಪು ತೂರಿಸುವುದು. ಎಲ್ಲರೂ ಇದನ್ನೇ ಹೇಳುತ್ತಾರೆ, ಚಿತ್ರದಲ್ಲೂ ಚಂದ ಕಾಣುತ್ತದೆ. ಪೇಟೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ 26 ಗಂಟನ್ನೂ ಮಾಡಿಸಿದೆ. ಒಂಬತ್ತು-ಹತ್ತು ಸಾವಿರ ಹೋಯಿತು. ಬುಡದಿಂದ ಏರಿಸುತ್ತಾ ಹೋದೆವು. ಕೊನೆಯ ಸುತ್ತು ಮುಚ್ಚುವ ಹೊತ್ತಿಗೆ ಎರಡು ಗಂಟುಗಳ ನಡುವೆ ಅಂಗೈ ಅಗಲ ಜಾಗ ಉಳಿಯಿತು. ಇನ್ನೊಂದು ಕಡೆ ಪೈಪು ಅಷ್ಟೇ ಉದ್ದ ಹೊರಗೆ. "ಹೆಗ್ಡೇರೆ, ನಿಮ್ಮ ಲೆಕ್ಕಾನೇ ತಪ್ಪು" ಎಂದರು ಶಾಪಿನವರು. ಲೆಕ್ಕ ಸರಿಯಾಗಿಯೇ ಇತ್ತು. ಸುಮಾರು ಎರಡು ಮೀಟರ್ ಉದ್ದದ ಪೈಪಿಗೆ ಬುಡದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಆಚೆ ತುದಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ. ವೆಲ್ಡಿಂಗ್ ಆರುವಾಗ ಲೋಹ ಎಳೆದುಕೊಳ್ಳುತ್ತದಲ್ಲ, ಎರಡು ಡಿಗ್ರಿ ಹೋಗುವುದು ದೊಡ್ಡ ಮಾತಲ್ಲ. ಆರು ಪೈಪು ಸೇರುವ ಗಂಟು ಹತ್ತಿವೆ. ಹತ್ತೂ ಗಂಟು ಒಂದೊಂದು ದಿಕ್ಕಿಗೆ ಎಳೆದರೆ ಗುಮ್ಮಟ ಹೇಗೆ ಮುಚ್ಚಬೇಕು?

ಹಲಸಿನ ಮರದ ಚೆಂಡೂ ಆಯಿತು. ಲೇತಿನಲ್ಲಿ ತಿರುಗಿಸಿ, ಸುತ್ತಲೂ ತೂತು ಕೊರೆದು, ತಂತಿಯಲ್ಲಿ ಪೈಪು ಬಿಗಿಯುವ ಯೋಚನೆ. ಜರ್ಮನಿಯಲ್ಲಿ 1940ರ ದಶಕದಲ್ಲೇ ಮೆಂಗರಿಂಗ್‌ಹೌಸನ್ ಎಂಬ ಎಂಜಿನಿಯರ್ ಮೆರೋ ಎಂಬ ಪದ್ಧತಿ ಮಾಡಿದ್ದರು. ಉಕ್ಕಿನ ಚೆಂಡಿಗೆ ನಟ್ಟಿನೊಳಗಿರುವಂಥ ತಿರುಪಿನ ಗೆರೆಯ ಹದಿನೆಂಟು ತೂತು, ಪೈಪಿನ ತುದಿಯ ಬೋಲ್ಟನ್ನು ತಿರುಗಿಸಿ ಕೂರಿಸುವುದು. ಝೋಮ್‌ಟೂಲ್ ಎಂಬ ಆಟಿಕೆಯ ಚೆಂಡಿಗೆ 62 ತೂತು: ಐದು ಮೂಲೆಯವು 12, ಮೂರು ಮೂಲೆಯವು 20, ಆಯತಾಕಾರದವು 30. ಯಾವ ಕಡ್ಡಿ ಯಾವ ತೂತಿಗೆ ಎಂದು ಆ ತೂತಿನ ಆಕಾರವೇ ಹೇಳುತ್ತದೆ. ನನಗೆ ಈ ಎರಡರ ಮೇಲೂ ಬಹಳ ಅಭಿಮಾನ. ಅಲ್ಲಿ ಕೋನ ಪೂರ್ತಿ ಗಂಟಿನೊಳಗೇ ಇದೆ. ಆದರೆ ಆ ಚೆಂಡನ್ನು ಮಾಡುವುದು ಕಾರ್ಖಾನೆ, ನಮ್ಮೂರಿನ ಡ್ರಿಲ್ಲಲ್ಲ. ಮರದ ಚೆಂಡಿನಲ್ಲೂ ಅದೇ ಎರಡು ಡಿಗ್ರಿ ಬಂತು. ಮಳೆ ಬಂದಾಗ ಮರ ಉಬ್ಬಿ ಇನ್ನೊಂದು ಡಿಗ್ರಿ.

ಆಗ ನನಗೆ ಹೊಳೆದಿದ್ದು ಇಷ್ಟೇ. ಗಂಟಿಗೆ ಕೋನವೇ ಬೇಡ. ಪೈಪಿನ ತುದಿಯನ್ನು ಚಪ್ಪಟೆ ಮಾಡಿ, ಆ ಚಪ್ಪಟೆ ಭಾಗವನ್ನು ಬಗ್ಗಿಸಿ, ಒಂದೇ ಬೋಲ್ಟಿಗೆ ಎಲ್ಲವನ್ನೂ ಪೋಣಿಸುವುದು. ಗಿಡ್ಡ ಪೈಪಿಗೆ 16 ಡಿಗ್ರಿ ಹತ್ತಿರ, ಉದ್ದದ್ದಕ್ಕೆ ಸರಿಯಾಗಿ 18. ಪೈಪುಗಳ ನಡುವಿನ ಕೋನ ಅಳೆಯುವ ಕೆಲಸವೇ ಇಲ್ಲ. ಬೋಲ್ಟಿನ ಸುತ್ತ ಪೈಪು ತಿರುಗುತ್ತದೆ, ಉದ್ದ ಸರಿ ಇದ್ದರೆ ತ್ರಿಕೋನ ತಾನೇ ತನ್ನ ಕೋನ ಹುಡುಕಿಕೊಳ್ಳುತ್ತದೆ. ಈ ರೀತಿ ಹೊಸದೇನಲ್ಲ, ಹೊರದೇಶದವರು ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ. ನಮ್ಮಲ್ಲಿ ಮಾತ್ರ "ಚಪ್ಪಟೆ ಮಾಡಿದರೆ ಪೈಪಿನ ಬಲ ಹೋಯ್ತು" ಎಂದು ಯಾರೂ ಮುಟ್ಟಿರಲಿಲ್ಲ.

ಮುಕ್ಕಾಲು ಇಂಚಿನ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), ತೆಳು ಕ್ಲಾಸ್. ಒಟ್ಟು 130 ತುದಿ ಚಪ್ಪಟೆ ಮಾಡಬೇಕು. ಲಾರಿಯ ಬಾಟಲ್ ಜಾಕನ್ನು ಚಾನೆಲ್ಲಿನ ಚೌಕಟ್ಟಿಗೆ ಕೂರಿಸಿ ಪ್ರೆಸ್ ಮಾಡಿಕೊಂಡೆ. ಸುತ್ತಿಗೆಯಲ್ಲಿ ಬಡಿಯಬೇಡಿ, ತುದಿ ಸೀಳುತ್ತದೆ. ಪ್ರೆಸ್ಸಿನಲ್ಲೂ ಸೀಳುತ್ತದೆ, ಪೈಪಿನ ಹೊಲಿಗೆ ಗೆರೆ ಅಂಚಿಗೆ ಬಂದರೆ. ಬೆರಳಾಡಿಸಿದರೆ ಪೈಪಿನೊಳಗೆ ಉದ್ದಕ್ಕೂ ಉಬ್ಬಿದ ಗೆರೆ ಸಿಗುತ್ತದೆ. ಅದು ಮಡಿಕೆಯಲ್ಲಿ ಬರದೆ ಚಪ್ಪಟೆ ಮುಖದ ನಡುವೆ ಬರುವಂತೆ ತಿರುಗಿಸಿ ಒತ್ತಬೇಕು. ಇದು ಗೊತ್ತಾದ ಮೇಲೆ ಒಂದು ತುದಿಯೂ ಬಿರಿಯಲಿಲ್ಲ.

ತೂತಿಗೆ ಟೇಪು ಹಿಡಿಯಲೇ ಇಲ್ಲ. ಉದ್ದ ಹಲಗೆಗೆ ಒಂದು ಕಡೆ ಗೂಟ, ಇನ್ನೊಂದು ಕಡೆ ಡ್ರಿಲ್ಲಿಗೆ ದಾರಿ ತೋರಿಸುವ ಕಬ್ಬಿಣದ ತುಂಡು. ಮೊದಲ ತೂತನ್ನು ಗೂಟಕ್ಕೆ ಸಿಕ್ಕಿಸಿ ಎರಡನೆಯದನ್ನು ಕೊರೆಯುವುದು. ಅಳತೆ ಒಂದು ಮಿಲಿಮೀಟರ್ ತಪ್ಪಿದ್ದರೂ ಚಿಂತೆಯಿಲ್ಲ, 35 ಪೈಪೂ ಒಂದೇ ಸಮ ತಪ್ಪಿರುತ್ತವೆ. ಬೋಲ್ಟು 12 ಮಿಲಿಮೀಟರ್, ತೂತು 13. ಆ ಒಂದು ಮಿಲಿಮೀಟರ್ ಸಡಿಲ ಬೇಕೇ ಬೇಕು. ಗಿಡ್ಡ ಪೈಪಿನ ತುದಿಗೆ ಕೆಂಪು ಬಣ್ಣ, ಉದ್ದದ್ದಕ್ಕೆ ನೀಲಿ. ಐದು ಪೈಪಿನ ಗಂಟಿಗೆ ಬರೀ ಕೆಂಪು. ಆರರ ಗಂಟಿಗೆ ಎರಡು ಕೆಂಪು, ನಾಲ್ಕು ನೀಲಿ. ಬುಡದ ನಾಲ್ಕರ ಗಂಟಿಗೆ ಒಂದು ಕೆಂಪು, ಮೂರು ನೀಲಿ. ತೋಟದ ಕೆಲಸಕ್ಕೆ ಬರುವ ಹುಡುಗರು ಇಷ್ಟು ಕೇಳಿಕೊಂಡು ನನ್ನನ್ನು ಮತ್ತೆ ಕರೆಯಲೇ ಇಲ್ಲ.

ಕೂಡಿಸುವುದು ಮೇಲಿನಿಂದ. ನೆತ್ತಿಯ ಐದು ತ್ರಿಕೋನವನ್ನು ನೆಲದ ಮೇಲೇ ಕೂಡಿಸಿ, ಎತ್ತಿ ಹಿಡಿದು, ಕೆಳಗಿನ ಸುತ್ತನ್ನು ಸಿಕ್ಕಿಸುತ್ತಾ ಬರಬೇಕು. ಅಟ್ಟಣಿಗೆ ಬೇಡ, ಏಣಿಯೂ ಬೇಡ. 65ನೇ ಪೈಪು ಕೂರುವವರೆಗೆ ಯಾವ ನಟ್ಟನ್ನೂ ಸ್ಪ್ಯಾನರಿನಲ್ಲಿ ಬಿಗಿಯಬಾರದು, ಬೆರಳಲ್ಲಿ ತಿರುಗಿಸಿದಷ್ಟೇ. ಕೊನೆಯ ಪೈಪು ನನ್ನ ಕೈಯಾರೆ ಹಾಕಿದೆ. ಒಂದು ಸಲ ಸ್ವಲ್ಪ ನೂಕಿದ್ದಕ್ಕೆ ಬೋಲ್ಟು ಟಕ್ ಎಂದು ಒಳಗೆ ಹೋಯಿತು. ಸಂಜೆ ಎಲ್ಲಾ ಬಿಗಿದ ಮೇಲೆ ಇಬ್ಬರು ಹುಡುಗರು ನೆತ್ತಿಗೆ ಜೋತು ಬಿದ್ದರು. ಅಲುಗಲಿಲ್ಲ.

ಗಾಳಿಗೆ ಹೆದರಬೇಕಾದ್ದು ಬೀಳುತ್ತದೆ ಎಂದಲ್ಲ, ಎದ್ದು ಹೋಗುತ್ತದೆ ಎಂದು. ಎಲ್ಲಾ ಸೇರಿ ಎರಡು ಕ್ವಿಂಟಾಲಿನ ಒಳಗೆ. ಬುಡದ ಹತ್ತೂ ಗಂಟಿಗೆ ಗುಂಡಿ ತೆಗೆದು, ಚಿರೆಕಲ್ಲಿಗೆ ಕಬ್ಬಿಣದ ಸರಳು ಕಟ್ಟಿ, ಕಾಂಕ್ರೀಟು ಹಾಕಿದ್ದೇನೆ. ಇದರಲ್ಲಿ ಜಿಪುಣತನ ಮಾಡಬೇಡಿ.

ಶೀಟು 200 ಮೈಕ್ರಾನಿನ ಯುವಿ ಶೀಟು, ಪಾಲಿಹೌಸಿನವರು ಹಾಕುವಂಥದ್ದೇ. ಗುಮ್ಮಟದ ಶತ್ರು ಸೋರಿಕೆ. ದೊಡ್ಡವರನ್ನೂ ಅದು ಬಿಟ್ಟಿಲ್ಲ. ಇಂಥ ಗುಮ್ಮಟವನ್ನು ಜನಪ್ರಿಯ ಮಾಡಿದ ಬಕ್‌ಮಿನ್‌ಸ್ಟರ್ ಫುಲ್ಲರ್ 1953ರಲ್ಲಿ ಅಮೆರಿಕದ ಫೋರ್ಡ್ ರೊಟುಂಡಾ ಕಟ್ಟಡಕ್ಕೆ ಗುಮ್ಮಟ ಹೊದಿಸಿದರು. 1962ರಲ್ಲಿ ನೀರು ಇಳಿಯದಂತೆ ಬಿಸಿ ಟಾರು ಹಾಕುವಾಗ ಬೆಂಕಿ ಹತ್ತಿ ಕಟ್ಟಡವೇ ಸುಟ್ಟುಹೋಯಿತು. ಅವರದೇ ಕೆನಡಾದ ಮಾಂಟ್ರಿಯಲ್ ಗುಮ್ಮಟದ ಹೊದಿಕೆ 1976ರಲ್ಲಿ ವೆಲ್ಡಿಂಗ್ ಕಿಡಿಗೆ ಉರಿದು ಹೋಯಿತು, ಉಕ್ಕಿನ ಹಂದರ ಮಾತ್ರ ಉಳಿಯಿತು. ಹಾಗಾಗಿ ನನ್ನಲ್ಲಿ ಒಂದು ಕಟ್ಟುನಿಟ್ಟು: ಶೀಟು ಏರಿದ ಮೇಲೆ ಹತ್ತಿರದಲ್ಲಿ ವೆಲ್ಡಿಂಗೂ ಇಲ್ಲ, ಗ್ರೈಂಡರೂ ಇಲ್ಲ. ನನ್ನ ಗಂಟುಗಳು ಸೋರುವುದಿಲ್ಲ. ಬೋಲ್ಟಿನ ತಲೆಯ ಮೇಲೆ ಒಂದು ಟೋಪಿ ಕೂರಿಸುತ್ತೇನೆ. ಅದನ್ನು ಯಾವುದರಲ್ಲಿ ಮಾಡುತ್ತೇನೆ, ಶೀಟಿಗೆ ಹೇಗೆ ಹಿಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಪಟ್ಟ ಪಾಡು ಜಾಸ್ತಿ.

ನೆತ್ತಿಯ ಐದು ತ್ರಿಕೋನದ ಶೀಟನ್ನು ಒಂದು ಗೇಣು ಎತ್ತರಿಸಿ ಕಟ್ಟಿದ್ದೇನೆ. ಬಿಸಿ ಗಾಳಿ ಅಲ್ಲಿಂದ ಹೋಗಬೇಕು. ಹೋಗದಿದ್ದರೆ ರಾತ್ರಿ ಶೀಟಿನ ಒಳಗೆ ನೀರು ಕಟ್ಟಿ ಬೆಳಗ್ಗೆ ಅಡಿಕೆ ಮೇಲೆ ತೊಟ್ಟಿಕ್ಕುತ್ತದೆ, ಬೂಸ್ಟು ಗ್ಯಾರಂಟಿ. ಜನವರಿಯ ಮಧ್ಯಾಹ್ನ ಒಳಗೆ ಐವತ್ತು ಡಿಗ್ರಿ ಹತ್ತಿರ ಹೋಗುತ್ತದೆ. ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಅಂಗಳದಲ್ಲಿ ಒಂದೂವರೆ ತಿಂಗಳು ತೆಗೆದುಕೊಂಡರೆ ಇಲ್ಲಿ ಹತ್ತು-ಹನ್ನೆರಡು ದಿನ ಬೇಗ. ನನಗೆ ಅದಕ್ಕಿಂತ ದೊಡ್ಡ ಲಾಭ ನವೆಂಬರಿನ ಅಕಾಲ ಮಳೆಗೆ ಓಡಿ ಹೋಗಿ ಟಾರ್ಪಾಲು ಮುಚ್ಚುವುದು ತಪ್ಪಿದ್ದು. ಕಾಳುಮೆಣಸನ್ನೂ ಹಾಕಿ ನೋಡಿದೆ, ಮೂರು ಬಿಸಿಲಿಗೆ ಗರಿಗರಿ.

ಖರ್ಚು, ನೆನಪಿದ್ದಷ್ಟು: ಪೈಪಿಗೆ ಹದಿನೈದು-ಹದಿನಾರು ಸಾವಿರ, ನಟ್ಟು ಬೋಲ್ಟಿಗೆ ಎರಡರ ಒಳಗೆ, ಶೀಟಿಗೆ ಐದು, ಬುಡದ ಕೆಲಸಕ್ಕೆ ಏಳು, ಕೂಲಿ ಬೇರೆ. ಒಟ್ಟು ಮೂವತ್ತೈದರ ಆಸುಪಾಸು. ಇಷ್ಟೇ ನೆಲಕ್ಕೆ ಚೌಕಾಕಾರದ ಪಾಲಿಹೌಸ್ ಕೇಳಿದಾಗ ಹೇಳಿದ ರೇಟು ಇದರ ಎರಡು ಪಟ್ಟು.

ನಡುವೆ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದೆ. ಹಿಡಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡು. ಬೆಂಕಿಕಡ್ಡಿ, ವಾಲ್ವ್ ಟ್ಯೂಬಿನಲ್ಲಿ, ಕಸದಿಂದ ವಿಜ್ಞಾನದ ಆಟಿಕೆ ಮಾಡುವ ಅರವಿಂದ ಗುಪ್ತಾ ತೋರಿಸಿಕೊಟ್ಟ ದಾರಿಯೇ ಇದು. ಚೌಕ ಮಾಡಿದರೆ ಒತ್ತಿದ ಕೂಡಲೇ ಮಲಗುತ್ತದೆ, ತ್ರಿಕೋನ ಮಲಗುವುದಿಲ್ಲ. ಮಗಳು ಅದರಲ್ಲೇ ಪೂರ್ತಿ ಟು-ವಿ ಮಾಡಿದಳು. ಬಾಗಿಲಿಗೆ ಬುಡದ ಯಾವ ಕಡ್ಡಿ ತೆಗೆದರೆ ಎಷ್ಟು ಅಲುಗುತ್ತದೆ ಎಂದು ನಾನು ಆ ಮಾದರಿಯಲ್ಲೇ ನೋಡಿಕೊಂಡೆ. ಬುಡದ ಒಂದು ನೀಲಿ ತೆಗೆದು ಅಲ್ಲಿ ಗಟ್ಟಿ ಚೌಕಟ್ಟು ಕೂರಿಸಿದರೆ ಸಾಕು.

ಕುಮಟಾದ ವಿಷಯಕ್ಕೆ ಬರುತ್ತೇನೆ. ಅಲ್ಲಿರುವ ಭಾವನಿಗೆ ಮುರುಗಲು (ಕೋಕಂ) ಒಣಗಿಸಬೇಕಿತ್ತು. ಮುರುಗಲು ಕೊಯ್ಲು ಮುಗಿಯುವುದರೊಳಗೇ ಮಳೆ ಶುರು, ಪ್ರತಿ ವರ್ಷದ ಗೋಳು. ಅಡಿಕೆ ಮುಗಿದ ಮೇಲೆ ಗುಮ್ಮಟ ಬಿಚ್ಚಿದೆವು. ಬೆಳಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಪೈಪೆಲ್ಲ ಕಟ್ಟಾಗಿ ಟಾಟಾ ಏಸ್ ಏರಿತ್ತು. ದೇವಿಮನೆ ಘಟ್ಟ ಇಳಿದು ಹೋಗಿ ಮರುದಿನ ನಿಲ್ಲಿಸಿದೆವು. ಜೂನ್-ಜುಲೈನ ಕಡಲ ಗಾಳಿಗೆ ಶೀಟು ಎರಡು ಕಡೆ ಹರಿಯಿತು, ಹಂದರ ಜಗ್ಗಲಿಲ್ಲ. ಆದರೆ ಚಪ್ಪಟೆ ಮಾಡುವಾಗ ತುದಿಯ ಸತು ಪದರ ಬಿಟ್ಟಿರುತ್ತದೆ. ಘಟ್ಟದ ಮೇಲೆ ಅದು ಲೆಕ್ಕಕ್ಕಿಲ್ಲ. ಕೆಳಗೆ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುದಿಗಳು ಕಂದು ಬಣ್ಣಕ್ಕೆ ತಿರುಗಿದವು. ಕರಾವಳಿಯವರು ಬಗ್ಗಿಸಿ, ಕೊರೆದು ಆದ ಮೇಲೆ ತುದಿಗಳನ್ನು ಉಜ್ಜಿ ಎರಡು ಕೈ ಝಿಂಕ್ ಪೇಂಟ್ ಹೊಡೆಯಿರಿ, ತೂತಿನ ಒಳಗೂ. ಬೋಲ್ಟು ಸ್ಟೇನ್‌ಲೆಸ್ ಹಾಕುತ್ತೇನೆ ಎಂದರೆ ಸತುವಿಗೂ ಅದಕ್ಕೂ ಉಪ್ಪು ನೀರಲ್ಲಿ ಆಗಿಬರುವುದಿಲ್ಲ, ಪೈಪಿನ ಸತುವೇ ಮೊದಲು ಸವೆಯುತ್ತದೆ. ಬಿಸಿ ಗ್ಯಾಲ್ವನೈಸ್ ಮಾಡಿದ ಬೋಲ್ಟೇ ಇರಲಿ.

ಗುಮ್ಮಟ ಈಗ ವಾಪಸ್ ಬಂದಿದೆ. ತುದಿಗಳಿಗೆ ಬಣ್ಣ ಹೊಡೆದಾಯಿತು, ಈ ಸೀಸನ್ನಿಗೆ ನಿಲ್ಲಿಸಬೇಕು. ಒಂದ್ ಮಳೆಗಾಲನೂ ತಡೆಯುವುದಿಲ್ಲ ಎಂದವರಲ್ಲೇ ಇಬ್ಬರು ಪೈಪು ತಂದು ಇಟ್ಟುಕೊಂಡಿದ್ದಾರೆ. ಪ್ರೆಸ್ಸೂ ಹಲಗೆಯೂ ಬೇಕಾದವರು ಬಂದು ಒಯ್ಯಬಹುದು, ಬಾಡಿಗೆ ಬೇಡ, ಕೆಡಿಸದೆ ತಂದು ಕೊಟ್ಟರೆ ಸಾಕು. ಟೋಪಿ ಮಾತ್ರ ನಾನೇ ಮಾಡಿ ಕೊಡುತ್ತೇನೆ.